ಬೀಗರ ಹೆಪ್ಪು

ದ ವುಡ್‌ಲ್ಯಾಂಡ್ಸ್
24 ನವೆಂಬರ್ 2024

ಚಿ. ಅನನ್ಯಾಳಿಗೆ,

ಆಶೀರ್ವಾದ. ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆದರೆ ಎರಡೂ ಸುಳ್ಳಾಗುತ್ತವೆ. ಅದನ್ನು ಬಿಟ್ಟೇ ಶುರು ಮಾಡುತ್ತೇನೆ.

ನೀನು ಫೋನ್ ಎತ್ತುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೆರೆ ಮೂಡುತ್ತದೆ, ಉತ್ತರ ಬರುವುದಿಲ್ಲ. ನಿಮ್ಮಪ್ಪ, "ಬೈಗುಳನಾದ್ರೂ ಕಳಿಸ್ಲಿ ಕಣೆ, ಹುಷಾರಾಗಿದಾಳೆ ಅಂತ ಗೊತ್ತಾಗುತ್ತೆ" ಎನ್ನುತ್ತಾರೆ. ಕಾಗದವಾದರೆ ನೀನು ಓದಿದೆಯೋ ಹರಿದೆಯೋ ನನಗೆ ಕಾಣುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ನಿನಗೆ ಮರೆತಿಲ್ಲವಲ್ಲ.

ಬೀಗರು ಹೋದ ದಿನ ಆಗಿದ್ದನ್ನು ನಾನೇ ಹೇಳುತ್ತೇನೆ, ಕೇಳು. ಬೆಳಗ್ಗೆ ನಿನ್ನ ಫೋನ್ ಬಂತು. "ಮಾವ ಎದ್ದಿಲ್ಲ ಅಮ್ಮ" ಎಂದೆ. ನಾನೂ ನಿಮ್ಮಪ್ಪನೂ ಉಟ್ಟ ಬಟ್ಟೆಯಲ್ಲೇ ಕಾರು ಹತ್ತಿದೆವು. ಜಾರ್ಜ್‌ಟೌನ್ ಸೇರುವ ಹೊತ್ತಿಗೆ ಅವರ ದೇಹವನ್ನು ಒಯ್ದಿದ್ದರು. ನೀವು ಗಂಡ ಹೆಂಡತಿ, ನೀನೂ ಪ್ಲಾಮೆನ್ನೂ, ಅವರ ಹಿಂದೆ ಹೋಗಿದ್ದಿರಿ. ಮಗು ಮೀರಾ ಪಕ್ಕದ ಮನೆಯಲ್ಲಿದ್ದಳು. ಆ ಖಾಲಿ ಮನೆಯಲ್ಲಿ ಕೈ ಕಟ್ಟಿ ಕೂರಲು ನನ್ನಿಂದ ಆಗಲಿಲ್ಲ. ಸಾವಾದ ಮನೆಯಲ್ಲಿ ಮಾಡಿಟ್ಟ ಅಡುಗೆ, ಹಾಲು, ಮೊಸರು ಯಾವುದನ್ನೂ ಉಳಿಸಬಾರದು. ನಮ್ಮಜ್ಜಿ ಚೆಲ್ಲಿದರು, ನಮ್ಮಮ್ಮ ಚೆಲ್ಲಿದಳು, ನಾನೂ ಚೆಲ್ಲಿದೆ. ಫ್ರಿಜ್ ಪೂರ್ತಿ ಬರಿದು ಮಾಡಿ, ತೊಳೆದು, ನೆಲ ಒರೆಸಿ, ದೀಪ ಹಚ್ಚಿಟ್ಟೆ. ಆ ನೀಲಿ ಮುಚ್ಚಳದ ಬಾಟಲಿಯೂ ಅದರಲ್ಲೇ ಹೋಯಿತು. ಅದು ಬೀಗರು ತಮ್ಮೂರಿಂದ ತಂದ ಹೆಪ್ಪು ಎಂದು ಗೊತ್ತಿತ್ತೇ ಎಂದು ನೀನು ಕೇಳಿದೆ. ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಹೂಸ್ಟನ್ನಿನಲ್ಲಿ ಅಷ್ಟು ವರ್ಷ ಡಾಕ್ಟರಾಗಿದ್ದವಳಾದರೂ ಸೂತಕವೆಂದರೆ ಕೈ ತಾನೇ ನಡೆಯುತ್ತದೆ.

ಸಂಜೆ ಪ್ಲಾಮೆನ್ ಬಂದು ಫ್ರಿಜ್ ಬಾಗಿಲು ತೆಗೆದ. ಬಾಗಿಲು ಮುಚ್ಚಿ ಗ್ಯಾರೇಜಿಗೆ ಹೋದ. ಆಮೇಲೆ ನೀನು ಎಲ್ಲರೆದುರು, "ಮಾವನ್ನ ಇನ್ನೊಂದ್ ಸಲ ಸಾಯಿಸ್ದೆ ಅಮ್ಮ" ಎಂದೆ.

ಅದನ್ನು ನುಂಗಿಕೊಂಡಿದ್ದೇನೆ. ಒಂದೇ ಒಂದು ಮಾತು ಕೇಳುತ್ತೇನೆ. ಅವರು ನನ್ನವರಲ್ಲ ಎಂದಿದ್ದರೆ, ಬಲ್ಗೇರಿಯಾದ ಯಾವನೋ ಮುದುಕ ಎಂದುಕೊಂಡಿದ್ದರೆ, ನಾನು ಸೂತಕ ಯಾಕೆ ಹಿಡಿಯುತ್ತಿದ್ದೆ?

ಬೀಗರ ಕಡೆಯವರು ನಲವತ್ತನೇ ದಿನ ಮಾಡುವ ಪೂಜೆಗೆ ಏನು ತರಲಿ, ಬರೆ.

ನಿನ್ನ ಅಮ್ಮ,
ಶಕುಂತಲಾ


ಜಾರ್ಜ್‌ಟೌನ್
8 ಡಿಸೆಂಬರ್ 2024

ಅಮ್ಮ,

ಕಾಗದ ಹರಿಯಲಿಲ್ಲ. ಓದಿದೆ. ನಲವತ್ತರ ಪೂಜೆ ನಿನ್ನೆ ಮುಗಿಯಿತು. ಬರಬೇಡ ಎನ್ನುವಷ್ಟು ಕೆಟ್ಟವಳಲ್ಲ ನಾನು. ಬಾ ಎನ್ನಲು ಬಾಯಿ ಬರಲಿಲ್ಲ, ಅಷ್ಟೆ.

ನಿನಗದು ಒಂದು ಬಾಟಲಿ ಮೊಸರು. ಅದೇನು ಎಂದು ಸರಿಯಾಗಿ ಹೇಳಿಬಿಡುತ್ತೇನೆ. ಪ್ಲಾಮೆನ್‌ನ ತಾಯಿ ಆಸ್ಪತ್ರೆಗೆ ಹೊರಡುವ ಮುಂಚೆ ಕೊನೆಯದಾಗಿ ಹೆಪ್ಪು ಹಾಕಿದ ಮೊಸರು ಅದು. ಅತ್ತೆ ಮನೆಗೆ ವಾಪಸ್ ಬರಲಿಲ್ಲ. ಮಾವ ಆ ಮೊಸರಿನಲ್ಲಿ ಒಂದು ಬಿಳಿ ಬಟ್ಟೆ ಅದ್ದಿ, ಒಣಗಿಸಿ, ಅಂಗಿಗಳ ಮಧ್ಯೆ ಇಟ್ಟುಕೊಂಡು ಅಮೆರಿಕಕ್ಕೆ ಬಂದರು. ಕಾಪೆಲ್‌ನ ನಮ್ಮ ಹಳೇ ಮನೆಯಲ್ಲಿ ಆ ಬಟ್ಟೆಯ ತುಂಡನ್ನು ಬೆಚ್ಚಗಿನ ಹಾಲಿಗೆ ಹಾಕಿದರು. ಬೆಳಗ್ಗೆ ಗಟ್ಟಿ ಮೊಸರು. ಪ್ಲಾಮೆನ್ ಒಂದು ಚಮಚ ಬಾಯಿಗಿಟ್ಟು, ಮೇಜಿನ ಮೇಲೆ ತಲೆ ಇಟ್ಟು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆವತ್ತಿನಿಂದ ಒಂದು ದಿನವೂ ಆ ಹೆಪ್ಪು ತಪ್ಪಿರಲಿಲ್ಲ. ಈ ಮನೆಗೆ ಬಂದ ಮೇಲೆ ಟೆಕ್ಸಾಸ್ ಪೂರ್ತಿ ಕರೆಂಟ್ ಹೋದ ಆ ಫೆಬ್ರವರಿಯ ಚಳಿ ನೆನಪಿದೆಯಾ? ಮಾವ ಬಾಟಲಿಯನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು ಮನೆ ತುಂಬ ಓಡಾಡುತ್ತಿದ್ದರಲ್ಲ. ಆ ಕಥೆಯನ್ನು ಪ್ಲಾಮೆನ್ ಬಂದವರಿಗೆಲ್ಲ ಹೇಳುತ್ತಾನೆ. ಹೇಳುತ್ತಿದ್ದ.

ಈಗ ಅವನು ಮೊಸರಿನ ಮಾತೇ ಎತ್ತುವುದಿಲ್ಲ. ಅಂಗಡಿಯಿಂದ ಒಂದು ಡಬ್ಬ ತಂದಿಟ್ಟೆ. ಹಾಗೇ ಕೂತಿದೆ.

ಇನ್ನೊಂದು ವಿಷಯ. ಅವರ ಕಡೆ ಸತ್ತವರ ಫೋಟೋ, ಹೆಸರು ಹಾಕಿದ ಒಂದು ಹಾಳೆ ಅಚ್ಚು ಮಾಡಿಸಿ, ಮನೆ ಬಾಗಿಲಿಗೂ ಬೀದಿಯ ಮರಗಳಿಗೂ ಅಂಟಿಸುತ್ತಾರೆ. ಪ್ಲಾಮೆನ್ ಮನೆ ಮುಂದಿನ ಓಕ್ ಮರಕ್ಕೂ, ಬೀದಿ ತುದಿಯ ಅಂಚೆ ಪೆಟ್ಟಿಗೆಗಳ ಹತ್ತಿರವೂ ಅಂಟಿಸಿದ. ಸಂಜೆ ಪಕ್ಕದ ಬೀದಿಯ ಅಜ್ಜಿಯೊಬ್ಬರು ಟಾರ್ಚ್ ಹಿಡಿದು ಬಾಗಿಲು ತಟ್ಟಿದರು. "ಇವರು ಕಳೆದುಹೋಗಿದ್ದಾರಾ? ಯಾವ ಕಡೆ ಹೋದರು ಹೇಳಿ, ನಾನೂ ಹುಡುಕುತ್ತೇನೆ" ಎಂದರು. ಅವರನ್ನು ಒಳಗೆ ಕರೆದು, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಹಾಕಿದ ಪ್ರಸಾದ ಕೊಟ್ಟೆವು.

ಅಪ್ಪನಿಗೆ ನಾನು ಹುಷಾರಾಗಿದ್ದೇನೆ ಎಂದು ಹೇಳು.

ಅನನ್ಯಾ


ದ ವುಡ್‌ಲ್ಯಾಂಡ್ಸ್
19 ಜನವರಿ 2025

ಚಿ. ಅನನ್ಯಾಳಿಗೆ,

ಸಂಕ್ರಾಂತಿಯ ಎಳ್ಳು ಕಳಿಸಿದ್ದೆ. ಮೀರಾ ಕೊಬ್ಬರಿ ಆರಿಸಿ ತಿಂದು ಎಳ್ಳು ಬಿಟ್ಟಿರುತ್ತಾಳೆ. ಬೀಗರೂ ಹಾಗೇ ಮಾಡುತ್ತಿದ್ದರು.

ಟಾರ್ಚ್ ಹಿಡಿದು ಬಂದ ಅಜ್ಜಿಯ ವಿಷಯ ಓದಿ ನಿಮ್ಮಪ್ಪ ಎದ್ದು ಹಿತ್ತಲಿಗೆ ಹೋದರು. ನಾನೂ ಅಳುತ್ತಿದ್ದೆ ಎಂದಿಟ್ಟುಕೋ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮ ಮದುವೆಯ ಮಾತಿಗೆ ಬೀಗರು ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಮುಖ ಗಂಟು ಹಾಕಿಕೊಂಡೇ ಬಡಿಸಿದ್ದೆ. ಹುಳಿಗೆ ಅವರ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕೊನೆಗೆ ಮೊಸರನ್ನ ಹಾಕಿದೆ ನೋಡು, ಆ ಮನುಷ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೂರು ಸಲ ಹಾಕಿಸಿಕೊಂಡರು. ಆಮೇಲೆ ನನ್ನನ್ನು ನೋಡಿ ತಮ್ಮ ಮುರುಕು ಇಂಗ್ಲಿಷಿನಲ್ಲಿ, "ನಿಮ್ಮನ್ನು ಏನೆಂದು ಕರೆಯಲಿ? ಈ ಭಾಷೆಯಲ್ಲಿ ಮಗನ ಅತ್ತೆಗೆ ಹೆಸರೇ ಇಲ್ಲ. ನಮ್ಮಲ್ಲಿ ಸ್ವಾತ್ಯಾ ಅನ್ನುತ್ತೇವೆ" ಎಂದರು. ನಮ್ಮಲ್ಲೂ ಇದೆ, ಬೀಗಿತ್ತಿ ಎಂದೆ. ಅವರಿಗೆ ಆದ ಸಂತೋಷ ಹೇಳತೀರದು. ಅಮೆರಿಕದವರಿಗೆ ಇಷ್ಟು ಮುಖ್ಯವಾದ ನಂಟಿಗೆ ಒಂದು ಹೆಸರಿಡಲೂ ಪುರುಸೊತ್ತಿಲ್ಲ ಎಂದು ಇಬ್ಬರೂ ಸೇರಿ ಬೈದೆವು. ಆವತ್ತೇ ಮದುವೆಗೆ ನಾನು ಒಳಗೊಳಗೆ ಒಪ್ಪಿದ್ದು.

ಆದರೆ ಮೊಸರಿನಲ್ಲಿ ನಾವು ಕೊನೆಯವರೆಗೂ ಒಪ್ಪಲಿಲ್ಲ. ಬಂದಾಗಲೆಲ್ಲ ಒಂದು ಬಾಟಲಿ ಹೆಪ್ಪು ತರುತ್ತಿದ್ದರು. "ಸ್ವಾತ್ಯಾ, ಇದನ್ನು ಹಾಕಿ ನೋಡಿ" ಎನ್ನುತ್ತಿದ್ದರು. "ನಮ್ಮನೆ ಹೆಪ್ಪು ನಮಗಿದೆ" ಎಂದು ನಾನು ಅದನ್ನು ಮಜ್ಜಿಗೆಹುಳಿಗೆ ಸುರಿಯುತ್ತಿದ್ದೆ. ಒಂದೇ ಒಂದು ಸಲ, ಒಂದು ಚಮಚ ಹಾಲಿಗೆ ಹಾಕಿದ್ದರೆ ಇವತ್ತು ನನ್ನ ಫ್ರಿಜ್ಜಿನಲ್ಲಿ ಅದು ಇರುತ್ತಿತ್ತು.

ಅದಕ್ಕೇ ಹುಡುಕುತ್ತಿದ್ದೇನೆ. ಬೀಗರ ಹತ್ತಿರ ಲೆಕ್ಕದ ಪಾಠ ಮುಗಿಸಿ ಹೋಗುವ ಪ್ರತಿ ಮಗುವಿನ ಮನೆಗೂ ಅವರು ಒಂದು ಬಾಟಲಿ ಹೆಪ್ಪು ಕೊಡುತ್ತಿದ್ದರಲ್ಲವೇ? ಯಾರಾದರೂ ಉಳಿಸಿಕೊಂಡಿರಬೇಕು. ಫೋನ್ ಹಿಡಿದು ಕೂತೆ. ಆಸ್ಟಿನ್ನಿನ ಸಂಪತ್‌ನ ಹೆಂಡತಿ, "ಅಯ್ಯೋ ಆಂಟಿ, ಇತ್ತು! ಇಂಡಿಯಾಗೆ ಹೋದಾಗ ಹಾಳಾಯ್ತು, ಈಗ ಡಬ್ಬ ತರ್ತೀವಿ" ಎಂದಳು. ಇಲ್ಲೇ ಹೂಸ್ಟನ್ನಿನಲ್ಲಿ ಗುರುದತ್ತ ಹಾಲು ಮೊಸರು ಎಲ್ಲ ಬಿಟ್ಟು ಬಾದಾಮಿ ಹಾಲು ಕುಡಿಯುತ್ತಾನಂತೆ. ಅದರಲ್ಲೂ ಮೊಸರು ಮಾಡಬಹುದು ಆಂಟಿ ಎಂದು ನನಗೇ ಪಾಠ ಹೇಳಿದ. ಕಾಪೆಲ್‌ನ ರಜನಿ ಮಾತ್ರ, "ಹಾಲಪ್ಪ ಅಂಕಲ್‌ನ ಕೇಳಿ ಆಂಟಿ, ಅವರ ಮೊಮ್ಮಗ ದುಷ್ಯಂತ್ ಮೇಷ್ಟ್ರ ಸ್ಟೂಡೆಂಟು. ಅಂಕಲ್ ಅಂಗಡಿ ಮೊಸರು ಮುಟ್ಟಲ್ಲ" ಎಂದಳು. ಆದರೆ ಅವರು ಧಾರವಾಡಕ್ಕೆ ಹೋಗಿದ್ದಾರೆ, ಬರುವುದು ಏಪ್ರಿಲ್‌ಗೆ. ಹೆಪ್ಪಿನ ಬಟ್ಟೆ ಇದ್ದರೆ ಅವರ ಬೀರುವಿನಲ್ಲಿ, ಅದನ್ನು ಮನೆಯವರು ಯಾರೂ ಮುಟ್ಟುವಂತಿಲ್ಲವಂತೆ.

ಕಾಯುತ್ತೇನೆ. ಅಷ್ಟರಲ್ಲಿ ನೀನು ಒಂದು ಸಲ ನಿಮ್ಮಪ್ಪನಿಗಾದರೂ ಫೋನ್ ಮಾಡು.

ಅಮ್ಮ


ಜಾರ್ಜ್‌ಟೌನ್
2 ಮಾರ್ಚ್ 2025

ಅಮ್ಮ,

ಅಪ್ಪನ ಹತ್ತಿರ ಮಾತಾಡಿದೆ. ನೀನು ಹಿಂದೆ ನಿಂತು "ಊಟ ಮಾಡಿದ್ಲಾ ಕೇಳಿ" ಎಂದು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. ಮಾಡಿದ್ದೆ.

ನಿನ್ನೆ ಮಾರ್ಚ್ ಒಂದು. ಆವತ್ತು ಅವರ ಕಡೆ ಕೆಂಪು ಬಿಳಿ ದಾರ ಹೊಸೆದು ಕೈಗೆ ಕಟ್ಟುತ್ತಾರೆ. ಮರ ಹೂ ಬಿಟ್ಟದ್ದು ಕಂಡ ಮೇಲೆ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟುತ್ತಾರೆ. ಪ್ರತಿ ವರ್ಷ ಮಾವ ಹೊಸೆಯುತ್ತಿದ್ದರು. ಈ ಸಲ ಮೀರಾ ತಾನೇ ಹೊಸೆದು ನಮಗೆ ಕಟ್ಟಿ, ಉಳಿದ ಒಂದನ್ನು ಅವರ ಕುರ್ಚಿಗೆ ಕಟ್ಟಿದಳು. ನಮ್ಮ ಬೀದಿಯ ಮರ ಆಗಲೇ ಹೂ ಬಿಟ್ಟಾಗಿದೆ. ಆದರೂ ಬಿಚ್ಚಲು ಬಿಡುತ್ತಿಲ್ಲ.

ಊಟದ ಮೇಜು ಒರೆಸುವಾಗೆಲ್ಲ ಅವರ ಪಾಠ ನೆನಪಾಗುತ್ತದೆ. ಮಕ್ಕಳಿಗೆ ಮೊದಲು ಒಂದು ಬಟ್ಟಲು ಮೊಸರು, ಆಮೇಲೆ ಲೆಕ್ಕ. ಪೆನ್ಸಿಲ್ ಇತ್ತು, ರಬ್ಬರ್ ಇರಲಿಲ್ಲ. ತಪ್ಪಾದರೆ ಅಳಿಸುವಂತಿಲ್ಲ. ಒಂದೇ ಒಂದು ತೆಳ್ಳಗಿನ ಗೆರೆ ಹೊಡೆದು ಕೆಳಗೆ ಮತ್ತೆ ಮಾಡಬೇಕು. "ದಾರಿ ಎಲ್ಲಿ ತಪ್ಪಿದೆ ಅಂತ ಕಾಣದೆ ಇದ್ದರೆ ನಾಳೆನೂ ಅಲ್ಲೇ ತಪ್ಪುತ್ತೀಯ" ಎನ್ನುತ್ತಿದ್ದರು. ಅವರು ಹೌದು ಎನ್ನಲು ತಲೆ ಅಡ್ಡಡ್ಡ ಆಡಿಸುತ್ತಿದ್ದರಲ್ಲ, ಹೊಸದಾಗಿ ಬಂದ ಅಮೆರಿಕದ ಮಕ್ಕಳು ಉತ್ತರ ತಪ್ಪೆಂದು ಅಳುತ್ತಿದ್ದವು. ನಮ್ಮ ಮಕ್ಕಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಅವು ಮನೆಯಲ್ಲಿ ಎಲ್ಲ ದಿಕ್ಕಿಗೂ ತಲೆ ಆಡಿಸುವ ಅಪ್ಪಂದಿರನ್ನು ನೋಡಿಯೇ ಬೆಳೆದವು.

ಕೆಲಸದಲ್ಲಿ ಜಗಳವಾಡಿ ಬಂದ ದಿನ ನಾನು ಹೇಳುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಏನೂ ಕೇಳುತ್ತಿರಲಿಲ್ಲ. ಸೌತೆಕಾಯಿ ಹೆಚ್ಚಿ, ಮೊಸರಿಗೆ ಹಾಕಿ, ಮುಂದೆ ಇಡುತ್ತಿದ್ದರು. ಈಗ ಬಾಗಿಲು ತೆಗೆದು ಒಳಗೆ ಬಂದಾಗ ಯಾರೂ ಇರುವುದಿಲ್ಲ ಅಮ್ಮ.

ಆರು ತಿಂಗಳ ಪೂಜೆ ಮೇ ಮೂರು, ಶನಿವಾರ. ಹುಡುಕುವುದನ್ನು ಬಿಟ್ಟುಬಿಡು. ಸಿಕ್ಕರೂ ಅದು ಅದೇ ಆಗಿರುವುದಿಲ್ಲ. ನಿನಗೆ ಮಂಡಿನೋವು ಬೇರೆ.

ಅನನ್ಯಾ


ಜಾರ್ಜ್‌ಟೌನ್, ನಿಮ್ಮ ಮನೆಯ ಮೆಟ್ಟಿಲು
25 ಏಪ್ರಿಲ್ 2025, ಶುಕ್ರವಾರ

ಚಿ. ಅನನ್ಯಾ,

ಈ ಕಾಗದ ಐಸ್ ಪೆಟ್ಟಿಗೆಯ ಮೇಲಿದೆ. ಪೆಟ್ಟಿಗೆಯೊಳಗೆ ಬಾಟಲಿ ಇದೆ. ಮೊದಲು ಅದನ್ನು ಫ್ರಿಜ್ಜಿಗೆ ಇಟ್ಟು ಬಂದು ಆಮೇಲೆ ಓದು. ಇಟ್ಟೆಯಾ? ಸರಿ.

ನೀವು ಆಫೀಸಿನಲ್ಲಿರುತ್ತೀರಿ, ಮೀರಾ ಸ್ಕೂಲಿನಲ್ಲಿರುತ್ತಾಳೆ ಎಂದು ಗೊತ್ತಿದ್ದೇ ಈ ಹೊತ್ತಿಗೆ ಬಂದೆ. ಬಾ ಎಂದು ನೀನು ಕರೆದಿಲ್ಲ. ಬಾಗಿಲ ಮೇಲಿನ ಬೀಗರ ಫೋಟೋ ನೋಡಿದೆ. ಬಿಸಿಲಿಗೆ ಸ್ವಲ್ಪ ಮಾಸಿದೆ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ನಿಮ್ಮಪ್ಪ ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

ಹಾಲಪ್ಪನವರು ಊರಿಂದ ಬಂದರೆಂದು ರಜನಿ ತಿಳಿಸಿದಳು. ನಿನ್ನೆ ಹೊರಟೆವು. ದಾರಿಯಲ್ಲಿ ಯಾವುದೋ ಲಾರಿ ಮಗುಚಿ ಟ್ರಾಫಿಕ್ ನಿಂತುಬಿಟ್ಟಿತು. ಕಾಪೆಲ್ ಸೇರಿದಾಗ ಸಂಜೆ ಏಳು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಹಾಲಪ್ಪನವರು ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದರು. ರಿಟೈರಾದ ಇಂಜಿನಿಯರು, ಎಂಬತ್ತರ ಹತ್ತಿರ, ಬೆನ್ನು ಇನ್ನೂ ನೆಟ್ಟಗಿದೆ. "ಬರ್ರಿ ಅಕ್ಕಾರ, ಮಾಸ್ತರ ಬೀಗತಿ ಅಂದ್ರ ನಮಗೂ ಬೀಗತಿ ಇದ್ದಂಗ" ಎಂದು ಕೂರಿಸಿ ಚಹಾ ಕೊಟ್ಟರು. ನಾನು ಬಂದ ಕೆಲಸ ಹೇಳಿದೆ.

"ಐತ್ರಿ. ಹೆಪ್ಪು ಐತಿ. ಆದ್ರ ಈಗ ಕೊಡಾಂಗಿಲ್ರಿ" ಎಂದರು.

ಯಾಕೆ ಎಂದೆ.

"ದೀಪ ಹಚ್ಚೇವಲ್ರಿ. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡಬಾರ್ದು. ಮನೀ ಲಕ್ಷ್ಮಿ ಹೋಗ್ತಾಳ."

ನೋಡುತ್ತೇನೆ, ದೇವರ ಮುಂದೆ ದೀಪ ಉರಿಯುತ್ತಿದೆ! ಅವರ ಮನೆಯಲ್ಲಿ ಸಂಜೆ ಆರೂವರೆಗೆ ದೀಪವಂತೆ, ಧಾರವಾಡದ ಲೆಕ್ಕ. "ಹಾಲಪ್ಪನವರೇ, ಹೊರಗೆ ನೋಡಿ, ಇನ್ನೂ ಬಿಸಿಲಿದೆಯಲ್ಲ! ಈ ಊರಲ್ಲಿ ಸೂರ್ಯ ಮುಳುಗೋದೇ ಎಂಟಕ್ಕೆ" ಎಂದೆ.

"ಬಿಸಲು ಟೆಕ್ಸಾಸದ್ದರಿ. ದೀಪ ನಮ್ಮ ಮನೀದು" ಎಂದರು.

ನಿಮ್ಮಪ್ಪ ಬಿದ್ದು ಬಿದ್ದು ನಕ್ಕರು. ಮೂವತ್ತು ಮನೆಗೆ ಮಡಿ ಹೇಳುವ ಶಕುಂತಲೆಗೆ ಸರಿಯಾದ ಮನೆಯೇ ಸಿಕ್ಕಿತು ಎಂದರು. ನನಗೂ ನಗು ಬಂತು, ಆಮೇಲೆ ಅಳು ಬಂತು. ಮೊಸರು ಇದೆ, ನಾನಿದ್ದೇನೆ, ನಡುವೆ ಒಂದು ದೀಪ. ಪ್ಲಾಮೆನ್‌ಗೆ ಫ್ರಿಜ್ ಮುಂದೆ ಹೇಗಾಗಿರಬಹುದು ಎಂದು ನಿನ್ನೆಯೇ ನನಗೆ ತಿಳಿದದ್ದು. ನಿನ್ನಾಣೆ, ಅದಕ್ಕೆ ಮುಂಚೆ ತಿಳಿದಿರಲಿಲ್ಲ.

ರಾತ್ರಿ ಅಲ್ಲೇ ಉಳಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೊನೆಗೆ ಆ ಮೊಸರು. ತಿನ್ನುವುದಕ್ಕೆ ದೀಪ ಅಡ್ಡಿಯಿಲ್ಲವಂತೆ. ಊಟ ಮಾಡುತ್ತಾ ನಾನು ಕೋಟಿನ ಕಥೆ ಎತ್ತಿದೆ. ಬೀಗರು ಚಳಿಯಲ್ಲಿ ಹೆಪ್ಪನ್ನು ಎದೆಗವಚಿಕೊಂಡು ಉಳಿಸಿದ್ದು. ಹಾಲಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಅಕ್ಕಾರ, ಬಾಟ್ಲಿಯೊಳಗ ಏನೂ ಇದ್ದಿದ್ದಿಲ್ರಿ" ಎಂದರು.

ಕರೆಂಟ್ ಹೋದ ಎರಡನೇ ರಾತ್ರಿ ಮೀರಾ ಹಸಿದು, ಮೊಸರು ಬೇಕೆಂದು ಅತ್ತಳಂತೆ. ನೀನೂ ಪ್ಲಾಮೆನ್ನೂ ಸೌದೆ ಹುಡುಕಿಕೊಂಡು ಹೋಗಿದ್ದಿರಂತೆ. ಬೀಗರು ಬಾಟಲಿಯಲ್ಲಿದ್ದ ಹೆಪ್ಪನ್ನು ಪೂರ್ತಿ ಮಗುವಿಗೆ ತಿನ್ನಿಸಿಬಿಟ್ಟರಂತೆ. ಮಗ ಕೇಳಿದರೆ ಏನು ಹೇಳುವುದು? ಖಾಲಿ ಬಾಟಲಿಯನ್ನು ಕೋಟಿನೊಳಗೆ ಇಟ್ಟುಕೊಂಡು ಓಡಾಡಿದರಂತೆ. ರಸ್ತೆ ತೆರೆದ ಮೇಲೆ ಹಳೇ ಹುಡುಗರಿಗೆ ಪಾಠವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಹೆಪ್ಪು ಕೇಳಲು ಕಾಪೆಲ್‌ಗೆ ಬಂದರಂತೆ. ಹಿಂದೆ ಹಾಲಪ್ಪನವರಿಗೆ ಹೆಪ್ಪು ಕೊಡುವಾಗ, ಬಟ್ಟೆಗೆ ಹಚ್ಚಿ ಒಣಗಿಸಿ ಇಟ್ಟುಕೊಳ್ಳಿ ಎಂದು ಕಲಿಸಿದ್ದವರು ಅವರೇ. ಹಾಲಪ್ಪನವರು ಕೇಳಿದ್ದರು, ಮಾಡಿದ್ದರು. ಮೇಷ್ಟ್ರು ಮಾತ್ರ ತಮ್ಮ ಹೋಮ್‌ವರ್ಕ್ ತಾವೇ ಮಾಡಿರಲಿಲ್ಲ!

"ನಾಚಿಕೊಂಡು ಕುಂತಿದ್ರರಿ, ಸಾಲಿ ಹುಡುಗ್ರಂಗ. ನಾ ಅಂದೆ, ಮಾಸ್ತರ, ಕೂಸಿನ ಹೊಟ್ಯಾಗ ಹೋದದ್ದು ಹಾಳಾಗೇತೇನ್ರಿ? ಅದಕ ತಲಿ ಅಡ್ಡಡ್ಡ ಅಳ್ಳಾಡಿಸಿದ್ರು. ಹೌದು ಅಂದ್ರೋ ಇಲ್ಲ ಅಂದ್ರೋ, ನನಗ ಇವತ್ತಿಗೂ ತಿಳಿದಿಲ್ಲ" ಎಂದು ಹಾಲಪ್ಪನವರು ಕಣ್ಣು ಒರೆಸಿಕೊಂಡರು.

ಈಗ ನೋಡು, ನಾನು ಚೆಲ್ಲಿದ್ದು ಪ್ಲಾಮೆನ್‌ನ ತಾಯಿಯ ಬಾಟಲಿಯಲ್ಲ, ಕಾಪೆಲ್‌ನಿಂದ ಮರಳಿ ಬಂದ ಹೆಪ್ಪು ಎಂದು ನಾನು ಗೆಲ್ಲಬಹುದು. ಗೆದ್ದು ಏನು ಮಾಡಲಿ? ಅವನಿಗೆ ಆ ಕೋಟಿನ ಕಥೆ ಇದೆ. ಅದನ್ನೂ ಚೆಲ್ಲಲು ನನಗೆ ಇಷ್ಟವಿಲ್ಲ. ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಇವತ್ತು ಬೆಳಗ್ಗೆ ಹಾಲಪ್ಪನವರು ಸ್ನಾನ ಮಾಡಿ, ಸೂರ್ಯನಿಗೆ ಕೈ ಮುಗಿದು, ತಾವೇ ಬಾಟಲಿ ತುಂಬಿ ಕೊಟ್ಟರು. ನಾಲ್ಕು ಜನ ತಿನ್ನಲಿ ಎಂದರು.

ಹಾಲು ಉಗುರುಬೆಚ್ಚಗಿರಲಿ. ಬಿಸಿ ಹಾಲಿಗೆ ಹಾಕಿಬಿಟ್ಟೀಯೆ ಮತ್ತೆ.

ಅಮ್ಮ


ಜಾರ್ಜ್‌ಟೌನ್
28 ಏಪ್ರಿಲ್ 2025

ಅಮ್ಮಾ,

ಮೆಟ್ಟಿಲ ಮೇಲೆ ಕೂತು ಬರೆದು ಹಾಗೇ ಹೋದೆಯಲ್ಲ! ಒಂದು ಲೋಟ ನೀರೂ ಕುಡಿಯದೆ. ನಮ್ಮ ಬೀಗದ ನಂಬರ್ ನಿನಗೆ ಗೊತ್ತು, ನಿನ್ನ ಹುಟ್ಟಿದ ವರ್ಷವೇ ಅದು. ಒಳಗೆ ಬರಬಾರದಿತ್ತಾ? ಅಳುತ್ತಾ ಓದಿದೆ, ನಗುತ್ತಾ ಓದಿದೆ. ಮೀರಾ ಹೆದರಿಬಿಟ್ಟಳು.

ಪ್ಲಾಮೆನ್‌ಗೆ ಏನೂ ಹೇಳದೆ ರಾತ್ರಿ ಹೆಪ್ಪು ಹಾಕಿದೆ. ಉಗುರುಬೆಚ್ಚಗೇ ಇತ್ತು. ಬೆಳಗ್ಗೆ ಅವನ ಮುಂದೆ ಬಟ್ಟಲು ಇಟ್ಟೆ. ನನ್ನ ಮುಖ ನೋಡಿದ, ಬಟ್ಟಲು ನೋಡಿದ. ಒಂದು ಚಮಚ ತಿಂದ. ಇನ್ನೊಂದು ತಿಂದ. ಆಮೇಲೆ, "ಕಾಪೆಲ್‌ಗೆ ಹೋಗಿದ್ದವರು ಯಾರು?" ಎಂದ.

ಅವನಿಗೆ ಗೊತ್ತಿತ್ತು ಅಮ್ಮ! ಮೊದಲಿನಿಂದ ಗೊತ್ತಿತ್ತು. ಆ ಚಳಿಯಲ್ಲಿ ಮಾವ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಗ ಕೋಟಿನ ಗುಂಡಿ ಹಾಕಲು ಹೋಗಿ ಬಾಟಲಿ ಕಂಡನಂತೆ. ಬರಿದಾಗಿತ್ತು. ಮೀರಾಳ ಗಲ್ಲದ ಮೇಲೆ ಮೊಸರು ಒಣಗಿತ್ತು. ವಾರ ಕಳೆದು ಅಪ್ಪ ಕಾಪೆಲ್‌ನಿಂದ ಬಂದು, "ನೋಡು, ನಿನ್ನಮ್ಮನ ಮೊಸರು!" ಎಂದು ಬಟ್ಟಲು ಮುಂದಿಟ್ಟಾಗ, ಆ ಮುಖ ನೋಡಿ ಇವನಿಗೆ ಬಾಯಿ ಬರಲಿಲ್ಲವಂತೆ. ಆವತ್ತಿನಿಂದ ಕೋಟಿನ ಕಥೆಯನ್ನು ಬಂದವರಿಗೆಲ್ಲ ಜೋರಾಗಿ ಹೇಳಲು ಶುರು ಮಾಡಿದ. ಅಪ್ಪನಿಗೆ ಕೇಳಿಸಲಿ ಎಂದು.

ಹಾಗಾದರೆ ಆ ಸಂಜೆ ಗ್ಯಾರೇಜಿಗೆ ಯಾಕೆ ಹೋದೆ, ಇಷ್ಟು ದಿನ ಮೊಸರು ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ. "ಅಪ್ಪ ಸತ್ತಿದ್ದರು. ಅಳಬೇಕಿತ್ತು. ಮೊಸರು ಅಂದರೆ ಅಪ್ಪ ಬಟ್ಟಲು ಮುಂದಿಡಬೇಕು, ಅವರಿಲ್ಲದೆ ಹೇಗೆ ತಿನ್ನಲಿ?" ಎಂದ. "ಹೊರಗೆ ಬಂದು ನೋಡಿದರೆ ನಿನ್ನ ಅಮ್ಮ ಇರಲಿಲ್ಲ. ನಮ್ಮ ಶಾಸ್ತ್ರಗಳು ಅವರಿಗೆ ಸರಿ ಬರಲಿಲ್ಲವೇನೋ ಅಂದುಕೊಂಡೆ. ಆರು ತಿಂಗಳಿಂದ ಕೇಳಬೇಕು ಅಂತಿದ್ದೀನಿ, ಅವರು ಯಾಕೆ ಬರ್ತಿಲ್ಲ?"

ನಾನು ಏನು ಹೇಳಲಿ? ಸಿಟ್ಟು ಅವನದ್ದಾಗಿರಲೇ ಇಲ್ಲ. ನನ್ನದಾಗಿತ್ತು. ಮಾವ ಹೋದದ್ದಕ್ಕೆ ಯಾರ ಮೇಲಾದರೂ ಕೂಗಾಡಬೇಕಿತ್ತು, ಕೂಗಾಡಿದರೂ ಬಿಟ್ಟುಹೋಗದವಳು ನೀನೊಬ್ಬಳೇ ಎದುರಿಗಿದ್ದೆ. ನೀನು ಹೋಗಿಯೇಬಿಟ್ಟೆ. ತಪ್ಪಾಯಿತಮ್ಮ. ಆ ಮಾತನ್ನು ಅಳಿಸಲು ಆಗುವುದಿಲ್ಲ. ಒಂದು ಗೆರೆ ಹೊಡೆದು ಕೆಳಗೆ ಮತ್ತೆ ಬರೆಯುತ್ತಿದ್ದೇನೆ: ಶನಿವಾರ ಬಾ. ಅಪ್ಪನನ್ನೂ ಕರೆದುಕೊಂಡು ಬಾ. ನಿನ್ನ ಮೊಸರನ್ನ ಇಲ್ಲದೆ ಮಾವನ ಊಟ ಮುಗಿಯುವುದಿಲ್ಲ.

ನಿನ್ನ
ಅನು


ದ ವುಡ್‌ಲ್ಯಾಂಡ್ಸ್
11 ಮೇ 2025

ಚಿ. ಸೌ. ಅನುಗೆ,

ಅಮ್ಮನ ಆಶೀರ್ವಾದ. ಈಗ ಬರೆಯುತ್ತೇನೆ, ನಾವಿಲ್ಲಿ ಕ್ಷೇಮ.

ಈಗ ಫೋನಿನಲ್ಲೇ ದಿನಾ ಮಾತಾಡುತ್ತೇವೆ, ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ.

ಪೂಜೆಯ ದಿನ ಬಂದವರಿಗೆಲ್ಲ ಪ್ಲಾಮೆನ್ ಒಂದೊಂದು ಬಾಟಲಿ ಹೆಪ್ಪು ಕೊಟ್ಟ. ಸಂಪತ್‌ನ ಹೆಂಡತಿಗೂ ಕೊಟ್ಟ, ಟಾರ್ಚ್ ಅಜ್ಜಿಗೂ ಕೊಟ್ಟ. ಸತ್ತವರ ಹೆಸರಿನಲ್ಲಿ ಕೈಯಿಂದ ಕೈಗೆ ಏನಾದರೂ ಕೊಡಬೇಕು, ಅದು ಅವರಿಗೆ ಮುಟ್ಟುತ್ತದೆ ಎಂದ. ನಾವು ಹೊರಟು ನಿಂತಾಗ ನನಗೂ ಒಂದು ತಂದ. ಕೈ ಚಾಚಿದೆ. ಅಷ್ಟರಲ್ಲಿ ಮೀರಾ ಓಡಿಬಂದು, "ನೋ ಅಜ್ಜಿ! ದೀಪ ಹಚ್ಚಾಯ್ತು!" ಎಂದಳು. ನೋಡಿದರೆ ಬೀಗರ ಫೋಟೋ ಮುಂದೆ ದೀಪ ಉರಿಯುತ್ತಿದೆ. ಮಧ್ಯಾಹ್ನ ಮೂರು ಗಂಟೆ! ಹೊರಗೆ ಮೊಟ್ಟೆ ಬೇಯಿಸುವಂಥ ಬಿಸಿಲು. "ಬಿಸಿಲು ಟೆಕ್ಸಾಸದ್ದು" ಎಂದು ಪ್ಲಾಮೆನ್ ಕನ್ನಡದಲ್ಲೇ ಹೇಳಿದ. ನಿಮ್ಮಪ್ಪ ಆಗಲೇ ಶೂ ಬಿಚ್ಚಿ ಸೋಫಾದ ಮೇಲೆ ಒರಗಿಯಾಗಿತ್ತು. ದೀಪದ ಉಪಾಯ ಯಾರದ್ದು ಎಂದು ನನಗೆ ತಿಳಿಯಲಿಲ್ಲ ಎಂದುಕೊಂಡೆಯಾ? ನಿನ್ನನ್ನು ಹೆತ್ತವಳು ನಾನು. ಆ ರಾತ್ರಿ ಬೀಗರ ಕೋಣೆಯಲ್ಲಿ ಮಲಗಿದೆ. ಇಷ್ಟು ತಿಂಗಳಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ಅದೇ ಮೊದಲು.

ನಿನ್ನೆ ಇಲ್ಲಿ ಎರಡು ಪಾತ್ರೆಯಲ್ಲಿ ಹೆಪ್ಪು ಹಾಕಿದೆ. ಒಂದು ನಮ್ಮನೆಯದು, ಒಂದು ಬೀಗರದು. ಯಾವುದು ಯಾವುದೆಂದು ಹೇಳದೆ ನಿಮ್ಮಪ್ಪನಿಗೆ ಬಡಿಸಿದೆ. ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ, ಎರಡನೆಯದನ್ನು ಚಪ್ಪರಿಸಿ, "ಇವತ್ತು ನಿನ್ನ ಕೈಗೆ ಏನಾಯ್ತೇ? ಇನ್ನೊಂದಿಷ್ಟು ಹಾಕು" ಎಂದರು. ಅದು ಬೀಗರದು. ಕೊನೆಗೂ ಗೆದ್ದರು ಆ ಪುಣ್ಯಾತ್ಮ. ಎದುರಿಗಿದ್ದಿದ್ದರೆ ತಲೆ ಅಡ್ಡಡ್ಡ ಆಡಿಸುತ್ತಾ ನಗುತ್ತಿದ್ದರು.

ಒಂದು ಬಿಳಿ ಪಂಚೆಯ ತುಂಡಿಗೆ ಹಚ್ಚಿ ಒಣಗಿಸಿ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಮುಗಿದರೆ ಇಲ್ಲಿದೆ. ಬರುವಾಗ ಮೀರಾಳನ್ನೂ ಪ್ಲಾಮೆನ್‌ನನ್ನೂ ಕರೆದುಕೊಂಡು, ದೀಪ ಹಚ್ಚಿದ ಮೇಲೇ ಬಾ.

ಅಮ್ಮ